ಖಾಲಿ ಎಂಬ ಒಂದು ಮಾತು

ಪುಣೆಯಲ್ಲಿ ನಾನು ಆಡಿದ ಮೊದಲ ಮರಾಠಿ ಮಾತು ‘ಹೋ’. ಹೋ ಅಂದರೆ ಹೌದು. ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ ಮೂವರು ಹಿರಿಯರು ಕೂತು ಅರ್ಧ ತಾಸು ನನ್ನನ್ನು ಇಂಗ್ಲಿಷಿನಲ್ಲಿ ಜಾಲಾಡಿದರು. ಇಂಗ್ಲಿಷಿಗೆ ನಾನು ಹೆದರುವವನಲ್ಲ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಅದನ್ನೇ ಉಂಡು ಅದನ್ನೇ ಹೊದ್ದು ಮಲಗಿದ್ದೆ. ಕಡೆಗೆ ಹೆಡ್‌ಮಾಸ್ತರರು ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸುತ್ತ, ಮರಾಠಿ ಬರುತ್ತದೆಯೇ ಎಂದು ಮರಾಠಿಯಲ್ಲೇ ಕೇಳಿದರು. ಕಲಿಸುವುದು ಇಂಗ್ಲಿಷಾದರೂ ಹುಡುಗರಿಗೆ ಅರ್ಥ ಬಿಡಿಸಿ ಹೇಳುವುದು ಮರಾಠಿಯಲ್ಲಿ. ಅದು ಬಾರದವನಿಗೆ ಅಲ್ಲಿ ಕೆಲಸವಿರಲಿಲ್ಲ. ನಾನು ‘ಹೋ’ ಅಂದೆ. ಮೂವರೂ ತಲೆಯಾಡಿಸಿದರು.

ಪೂರಾ ಸುಳ್ಳೆಂದು ಆಗ ಅನ್ನಿಸಿರಲಿಲ್ಲ. ನಮ್ಮ ಕಡೆಗೆ ಬರುತ್ತಿದ್ದ ಮರಾಠಿ ನಾಟಕ ಕಂಪನಿಗಳ ಪದಗಳು ನನಗೆ ಬಾಯಿಪಾಠ ಬರುತ್ತಿದ್ದವು. ಸಂಸ್ಕೃತ ಓದಿದ್ದರಿಂದ ಲಿಪಿ ಗೊತ್ತಿತ್ತು. ರಾಜನ ಎದುರು ನಿಂತು ಭಿಕ್ಷೆ ಬೇಡಬೇಕಾದರೆ, ಯುದ್ಧಕ್ಕೆ ಸವಾಲು ಹಾಕಬೇಕಾದರೆ ನನ್ನ ಮರಾಠಿ ಸಾಕಾಗುತ್ತಿತ್ತು. ಸದಾಶಿವ ಪೇಠೆಯಲ್ಲಿ ಕಾಲು ಸೇರು ಬೆಲ್ಲ ಕೊಳ್ಳಬೇಕಾದರೆ ಸಾಲುತ್ತಿರಲಿಲ್ಲ. ತಿಳಿಯದ ಮಾತು ಬಂದಾಗೆಲ್ಲ ‘ಹೋ, ಹೋ’ ಅನ್ನುವುದನ್ನು ರೂಢಿ ಮಾಡಿಕೊಂಡೆ. ಜಗತ್ತಿನಲ್ಲಿ ಹತ್ತರಲ್ಲಿ ಎಂಟು ಮಾತಿಗೆ ಹೌದೆಂದರೆ ನಡೆದುಹೋಗುತ್ತದೆ ಎಂಬುದು ನನ್ನ ಆಗಿನ ಸಂಶೋಧನೆ.

ಉಳಿದೆರಡು ಮಾತುಗಳಿಂದ ನನ್ನನ್ನು ಪಾರುಮಾಡುತ್ತಿದ್ದವನು ನನ್ನ ಗೆಳೆಯ. ಪಕ್ಕದ ತರಗತಿಯಲ್ಲಿ ಇತಿಹಾಸ ಕಲಿಸುತ್ತಿದ್ದ, ನನ್ನದೇ ವಯಸ್ಸಿನ ಮರಾಠಿ ತರುಣ. ಸಾತಾರೆಯ ಕಡೆಯ ಹಳ್ಳಿಯವನು. ಕೋಲುಮುಖ, ಸದಾ ಒಂದು ಗುಂಡಿ ಕಡಿಮೆ ಇರುವ ಕೋಟು, ಕೋಟಿನ ಕಿಸೆಯಲ್ಲಿ ಸದಾ ಒಂದು ಪುಸ್ತಕ. ಅವನು ನನಗಿಂತ ಒಂದು ವರ್ಷ ಮೊದಲು ಸೇರಿದ್ದ, ಆದರೂ ಇನ್ನೂ ತಾತ್ಕಾಲಿಕ. ದೀಪಾವಳಿಯ ಹೊತ್ತಿಗೆ ಕಾಯಂ ಮಾಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಕಾಯಂ ಆದರೆ ಹಳ್ಳಿಯಲ್ಲಿ ಒಬ್ಬಳೇ ಇದ್ದ ತಾಯಿಯನ್ನು ಪುಣೆಗೆ ಕರೆತರುವುದು ಅವನ ಏಕೈಕ ಆಸೆ. ಅದಕ್ಕಾಗಿ ಎರಡು ಖಣದ, ಅಂದರೆ ಎರಡೇ ಅಂಕಣದ, ಒಂದು ಮನೆಯನ್ನೂ ನೋಡಿಟ್ಟಿದ್ದ. ಒಂದು ಸಂಜೆ ನನ್ನನ್ನು ಕರೆದೊಯ್ದು, ಬೀಗ ಹಾಕಿದ ಆ ಬಾಗಿಲಿನ ಸಂದಿಯಿಂದ ಒಲೆ ಎಲ್ಲಿ ಬರುತ್ತದೆ, ದೇವರನ್ನು ಎಲ್ಲಿ ಇಡುತ್ತೇನೆ, ತಾಯಿ ಕೂತು ಅಕ್ಕಿ ಆರಿಸಲು ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ತೋರಿಸಿದ. ಕಂಡದ್ದು ಕತ್ತಲೆ ಮಾತ್ರ. ನಾನು ‘ಹೋ, ಹೋ’ ಅಂದೆ.

ಅವನು ನನ್ನನ್ನು ಹೇಗೆ ಕಾಯುತ್ತಿದ್ದ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಒಂದು ದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಮುಖ ಗಂಟುಹಾಕಿಕೊಂಡು ಕೂತಿದ್ದ. ಯಾಕೆಂದು ಕೇಳಿದರೆ ಪಕ್ಕದವನು “ತ್ಯಾಲಾ ರಾಗ್ ಆಲಾ” ಅಂದ. ಅವನಿಗೆ ರಾಗ ಬಂದಿದೆ! ನನಗೆ ಸಂತೋಷವಾಯಿತು. ಯಾವ ರಾಗವಪ್ಪ, ಒಂದಿಷ್ಟು ಹಾಡು ನೋಡೋಣ ಅಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮರಾಠಿಯಲ್ಲಿ ರಾಗವೆಂದರೆ ಸಿಟ್ಟು ಎಂಬುದು ನನಗೇನು ಗೊತ್ತು. ನಗೆ ಕೇಳಿ ಬಾಗಿಲಿಗೆ ಬಂದ ಗೆಳೆಯ ಹುಡುಗರಿಂದ ವಿಷಯ ತಿಳಿದು, ತಾನೂ ತಲೆಯಲ್ಲಾಡಿಸುತ್ತ ನಕ್ಕು, ನಿಮ್ಮ ಹೊಸ ಮಾಸ್ತರರು ಭಾರೀ ವಿನೋದಿಗಳು, ಎರಡು ಭಾಷೆ ಸೇರಿಸಿ ಶ್ಲೇಷೆ ಮಾಡುತ್ತಾರೆ ನೋಡಿ ಅಂದುಬಿಟ್ಟ. ಅಂದಿನಿಂದ ನಾನು ಶಾಲೆಯಲ್ಲಿ ವಿನೋದಿ. ನನ್ನ ತಪ್ಪುಗಳೆಲ್ಲ ಶ್ಲೇಷೆಗಳಾದವು. ಹೆಡ್‌ಮಾಸ್ತರರೂ ಎದುರು ಸಿಕ್ಕಾಗ, ಇವತ್ತು ಯಾವ ರಾಗ ಎಂದು ಕೇಳಿ ನಗುತ್ತಿದ್ದರು.

ನಮ್ಮ ಗೆಳೆತನ ಬೆಳೆದದ್ದು ಪುಸ್ತಕಗಳಿಂದ. ಶಾಲೆ ಬಿಟ್ಟ ಮೇಲೆ ಪೇಠೆಯ ವಾಚನಾಲಯಕ್ಕೆ ಹೋಗಿ, ತಲಾ ಒಂದರಂತೆ ಎರಡು ಇಂಗ್ಲಿಷ್ ಪುಸ್ತಕ ತಂದು, ಎರಡು ದಿನದಲ್ಲಿ ಮುಗಿಸಿ ಬದಲಾಯಿಸಿಕೊಳ್ಳುತ್ತಿದ್ದೆವು. ಅವನು ನಡೆಯುತ್ತಲೇ ಓದುವವನು. ಎದುರಿನಿಂದ ಟಾಂಗಾ ಬಂದರೆ ಕುದುರೆಯೇ ಬದಿಗೆ ಸರಿಯಬೇಕು. ನಾನು ಕೂತು, ಪೆನ್ಸಿಲ್ ಹಿಡಿದು, ಅಂಚಿನಲ್ಲಿ ಗೀಟು ಹಾಕುವವನು. ಅವನ ಓದು ಹಸಿದವನ ಊಟ, ನನ್ನದು ಬೀಗರ ಊಟ ಎಂದು ಒಮ್ಮೆ ಹಾಸ್ಯ ಮಾಡಿದ್ದೆ. ಅವನಿಗೆ ಅದು ಹಿಡಿಸಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಹೀಗೆ ಪುಸ್ತಕದ ಹುಚ್ಚರೆಂದು ಹೆಸರಾಗಿದ್ದರಿಂದಲೇ ಆ ಕೆಲಸ ನಮ್ಮ ಪಾಲಿಗೆ ಬಂತು. ಊರಿನ ಹಿರಿಯ ಪಂಡಿತರೊಬ್ಬರು ತೀರಿಕೊಂಡು, ಅವರ ಮನೆಯವರು ಐದು ಪೆಟ್ಟಿಗೆ ಪುಸ್ತಕಗಳನ್ನು ಶಾಲೆಗೆ ಕೊಟ್ಟರು. ನಾವಿಬ್ಬರು ಅವನ್ನು ಕಪಾಟುಗಳಿಗೆ ಏರಿಸಬೇಕು. ಶ್ರಾವಣದ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿದ ಮೇಲೆ ಶುರುಮಾಡಿದೆವು. ಹೊರಗೆ ಜಿಟಿಜಿಟಿ ಮಳೆ. ಏಣಿಗೆ ಒಂದು ಕಾಲು ಗಿಡ್ಡ, ನೆಲ ನುಣುಪಾದ ಶಹಾಬಾದಿ ಕಲ್ಲು. ಒಬ್ಬರು ಏರಿದರೆ ಇನ್ನೊಬ್ಬರು ಬುಡ ಹಿಡಿದೇ ಇರಬೇಕು. ಹಗುರವಾಗಿದ್ದ ನಾನು ಏರಿದೆ, ಅವನು ಹಿಡಿದ.

ಎದೆಗೆ ಏಳೆಂಟು ದಪ್ಪ ಪುಸ್ತಕ ಅವುಚಿಕೊಂಡು ಮೇಲೆ ನಿಂತಿದ್ದೆ. ಕಪಾಟಿನಲ್ಲಿ ಕಣ್ಣೆದುರಿನ ಅರೆ ತುಂಬಿತ್ತು. ಅದರ ಮೇಲಿನದು, ಕೈಗೆ ಎಟುಕಿ ಎಟುಕದ ಹಾಗಿದ್ದ ತುತ್ತತುದಿಯ ಅರೆ, ಖಾಲಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಆಗ ಬಾಗಿಲಲ್ಲಿ ಶಾಲೆಯ ಸಿಪಾಯಿ ಬಂದು ಗೆಳೆಯನಿಗೆ ಏನೋ ಅಂದ; ಹೆಡ್‌ಮಾಸ್ತರರು ತಕ್ಷಣ ಕರೆಯುತ್ತಿದ್ದಾರೆ ಎಂದಿರಬೇಕು. ಗೆಳೆಯ ಮೇಲೆ ನೋಡಿ ಹೇಳಿದ:

“ಖಾಲೀ ಯೇ.”

ನನಗೆ ಕೇಳಿಸಿದ್ದು ‘ಖಾಲಿಯೇ’. ಮೇಲಿನ ಅರೆ ಖಾಲಿಯೇ ಇದೆ, ಇಡು, ಎಂದು. ನಾನು ಯೋಚಿಸುತ್ತಿದ್ದುದಕ್ಕೆ ನೇರ ಉತ್ತರ. “ಹೋ, ಹೋ” ಅಂದೆ.

ಮರಾಠಿಯಲ್ಲಿ ‘ಖಾಲೀ ಯೇ’ ಅಂದರೆ ಕೆಳಗೆ ಬಾ. ಆ ಮಾತು ಅಷ್ಟರೊಳಗೆ ನನ್ನ ಕಿವಿಗೆ ಬಿದ್ದೇ ಇರಲಿಲ್ಲ ಎಂದರೆ ಇನ್ನೊಂದು ಸುಳ್ಳಾದೀತು. ಬಿದ್ದಿತ್ತು. ಆದರೆ ಕೈತುಂಬ ಭಾರ ಹೊತ್ತು, ಅರೆಯ ಮೇಲೆ ಕಣ್ಣಿಟ್ಟು ನಿಂತವನ ಕಿವಿಯಲ್ಲಿ ಹೊರಗಿನ ಮಾತಿಗಿಂತ ಮನೆಯ ಮಾತು ಮೊದಲು ಬಂದು ಕೂತುಬಿಡುತ್ತದೆ. ನನ್ನ ‘ಹೋ’ ಕೇಳಿ ಅವನು ಏಣಿ ಬಿಟ್ಟು ಹೋದ. ನಾನು ತುದಿಗಾಲಲ್ಲಿ ನಿಂತು ಖಾಲಿ ಅರೆಗೆ ಕೈ ಚಾಚಿದೆ. ಏಣಿ ಕಲ್ಲಿನ ಮೇಲೆ ಜಾರಿತು. ಪಂಡಿತರ ಪುಸ್ತಕಗಳೂ ನಾನೂ ಒಟ್ಟಿಗೆ ನೆಲಕ್ಕೆ ಬಂದೆವು.

ಬಲಗಾಲಿನ ನಳಿಗೆಯ ಎಲುಬು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮರುದಿನ ಹೆಡ್‌ಮಾಸ್ತರರು ಬಂದು ಹಾಸಿಗೆಯ ಪಕ್ಕ ನಿಂತು, ಏಣಿ ಹಿಡಿದವನು ನಿಮಗೆ ಹೇಳಿ ಹೋದನೇ ಎಂದು ಕೇಳಿದರು. ನೋವಿನಿಂದ ನನ್ನ ಹಲ್ಲು ಕಟಕಟಿಸುತ್ತಿದ್ದವು, ಸಿಟ್ಟು ನೆತ್ತಿಗೇರಿತ್ತು. ಅವನು ಒಂದು ಮಾತೂ ಹೇಳದೆ ಬಿಟ್ಟುಹೋದ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಗ ನಾನು ಅದನ್ನು ನಂಬಿದ್ದೆ. ಇದೊಂದು ವಾಕ್ಯವನ್ನು ನನ್ನ ಪರವಾಗಿ ಬರೆದುಕೊಳ್ಳಬಹುದು, ಮುಂದಿನ ಯಾವುದನ್ನೂ ಅಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಕೈತಪ್ಪಿ ಹೋಯಿತೆಂದು ಸುಮ್ಮನಾಗಲು ನಾನು ಈ ಗಾದೆಯನ್ನೇ ಎಷ್ಟೋ ಸಲ ನೆಪ ಮಾಡಿಕೊಂಡಿದ್ದೇನೆ.

ಎರಡು ವಾರದ ನಂತರ ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಸದಾಶಿವ ಪೇಠೆಯಲ್ಲಿ ಹತ್ತಾರು ಬಿಡಾರಗಳ ಒಂದು ವಾಡೆಯಲ್ಲಿದ್ದ ನನ್ನ ಮಾಳಿಗೆಯ ಕೋಣೆಗೆ ಬಂದೆ. ನಾಲ್ಕು ಜನ ಎತ್ತಿ ತಂದರು. ತಲೆಯ ಕಡೆ ಹಿಡಿದವನು ಅವನೇ. ಊರಿನಿಂದ ಅವ್ವ ಬಂದಳು. ಒಂದು ಗಂಟು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಎಲುಬು ಕೂಡಲೆಂದು ಅಂಟಿನ ಉಂಡಿ. ಅವ್ವ ನಮ್ಮ ಊರು ಬಿಟ್ಟು ಎರಡು ಹರದಾರಿ ಆಚೆ ಹೋದವಳಲ್ಲ. ಅವಳಿಗೆ ಮರಾಠಿ ಒಂದಕ್ಷರ ಬಾರದು. ಅದಕ್ಕೇನೂ ಅವಳು ತಲೆಕೆಡಿಸಿಕೊಳ್ಳಲಿಲ್ಲ, ಎಲ್ಲರೊಡನೆ ಗಟ್ಟಿಯಾಗಿ ಕನ್ನಡ ಮಾತಾಡಿದಳು.

ಗೆಳೆಯ ದಿನಾ ಶಾಲೆ ಮುಗಿಸಿ ನೇರ ಬರುತ್ತಿದ್ದ. ಮೊದಲ ವಾರ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಅವನು ಅದನ್ನು ಗಮನಿಸದವನ ಹಾಗೆ ಹಾಸಿಗೆಯ ಪಕ್ಕ ಗೋಡೆಗೆ ಒರಗಿ ಕೂತು ಪುಸ್ತಕ ತೆರೆಯುತ್ತಿದ್ದ. ಆಗ ನಡೆದಿದ್ದುದು ಹಡಗಿನಲ್ಲಿ ದೇಶಾಂತರ ಹೋದವನೊಬ್ಬನ ದಪ್ಪನೆಯ ಪ್ರವಾಸಕಥನ. ಅವನು ಗಟ್ಟಿಯಾಗಿ ಓದಬೇಕು, ನಾನು ಕೇಳಬೇಕು. ಕಾಲಿನ ಜೊತೆ ನಿನ್ನ ಮರಾಠಿಯೂ ನೆಟ್ಟಗಾಗಲಿ ಅನ್ನುತ್ತಿದ್ದ. ನಡುವೆ ನಿಲ್ಲಿಸಿ ಕಠಿಣ ಶಬ್ದದ ಅರ್ಥ ಹೇಳುತ್ತಿದ್ದ. ಬಂದರು, ಬಿರುಗಾಳಿ, ಹಡಗಿನ ಹಗ್ಗ, ಉಪ್ಪಿನ ಮೀನಿನ ವಾಸನೆ. ನನ್ನ ಸಿಟ್ಟು ಎಷ್ಟು ದಿನ ಹಿಡಿದೀತು? ಎರಡನೇ ವಾರಕ್ಕೆ ಅವನು ಬರುವ ಹೊತ್ತಿಗೆ ನಾನು ಬಾಗಿಲು ನೋಡತೊಡಗಿದೆ. ಹೋಗಲಿ ಪಾಪ, ಮರೆತಿದ್ದಾನು, ಎಂದು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದೆ. ನೆನೆದರೆ ಈಗಲೂ ಮೈ ಹಿಡಿಯಾಗುವುದು ಇದಕ್ಕೇ. ನಾನು ಅವನನ್ನು ಕ್ಷಮಿಸಿದೆನಂತೆ!

ಅವ್ವ ಅವನಿಗೆ ದಿನಾ ಒಂದು ಅಂಟಿನ ಉಂಡಿ ಕೊಡುವಳು. ಎರಡನೆಯದನ್ನು ಕೊಡಲು ಬಂದರೆ ಅವನು ಎರಡೂ ಕೈ ಅಡ್ಡ ಹಿಡಿದು “ಬ್ಯಾಡ, ಬ್ಯಾಡ” ಅನ್ನುವನು. ಅದು ಅವನು ಕಲಿತ ಮೊದಲ ಕನ್ನಡ ಮಾತು. ಅವ್ವನನ್ನು ಆಯೀ ಎಂದು ಕರೆಯುತ್ತಿದ್ದ. ಅವಳ ಕೈಯ ಉಂಡಿ ತಿನ್ನುವಾಗ ಅವನಿಗೆ ತನ್ನ ತಾಯಿಯ, ಆ ಎರಡು ಖಣದ ಮನೆಯ ನೆನಪಾಗುತ್ತಿತ್ತೇನೋ. ದೀಪಾವಳಿಗೆ ಇನ್ನು ಇಷ್ಟೇ ವಾರ ಎಂದು ಬೆರಳು ಮಡಿಚಿ ತೋರಿಸುತ್ತಿದ್ದ.

ಭಾದ್ರಪದದ ಒಂದು ಸಂಜೆ ಅದು ನಡೆಯಿತು. ವಾಡೆಯ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ನೀರು ಬಂದಾಗ ಮನೆಯ ಯಜಮಾನಿ ಅಂಗಳದಿಂದ ಕೂಗಿ ಮಾಳಿಗೆಯವರನ್ನು ಕರೆಯುವುದು ಪದ್ಧತಿ. ಅಷ್ಟು ದಿನ ನೀರು ತುಂಬುತ್ತಿದ್ದ ಕೆಲಸದವಳು ಅಂದು ಬಂದಿರಲಿಲ್ಲ. ಯಜಮಾನಿ ಅವ್ವನನ್ನು ಉದ್ದೇಶಿಸಿ, ಹಿರಿಯಳೆಂದು ಗೌರವದಿಂದ, “ಖಾಲೀ ಯಾ” ಎಂದು ಕೂಗಿದಳು. ಕೆಳಗೆ ಬನ್ನಿ. ಗೆಳೆಯ ಓದುತ್ತಿದ್ದ, ನಾನು ಕೇಳುತ್ತಿದ್ದೆ.

ಅವ್ವ ಕೋಣೆಯ ಮುಂದಿನ ಕಟಕಟೆಗೆ, ಕಟಾಂಜನಕ್ಕೆ, ಬಂದು ಬಗ್ಗಿ ನೋಡಿ, ಒಳಗೆ ಹೋಗಿ ಒಂದು ಕೊಡ ತಂದು, ಅದನ್ನು ಬೋರಲು ಹಿಡಿದು ತೋರಿಸಿದಳು.

“ಯಾವುದು ಖಾಲಿ ಅಂತೀರೇನ್ರಿ? ಇದು ಖಾಲಿ ಅದರಿ. ಹಂಡೇದಾಗ ಇನ್ನೂ ಅರ್ಧ ಅದ.”

ಕೆಳಗಿನಿಂದ ಮತ್ತೆ ‘ಖಾಲೀ ಯಾ’. ಅವ್ವ ಒಳಹೋಗಿ ತಂಬಿಗೆ ತಂದು ತೋರಿಸಿದಳು. ಅದು ತುಂಬಿತ್ತು; ತುಂಬಿದೆ ಎಂದು ತೋರಿಸಲು ಸ್ವಲ್ಪ ಬಗ್ಗಿಸಿದ್ದೇ ಯಜಮಾನಿಯ ಮೇಲೆ ನೀರು ಬಿತ್ತು. ಮತ್ತೂ ಜೋರಾಗಿ ‘ಅಹೋ, ಖಾಲೀ ಯಾ’. ಅವ್ವ ಈ ಸಲ ಚರಿಗೆ, ಬೋಗುಣಿ, ನನ್ನ ಔಷಧದ ಬಟ್ಟಲು, ಮನೆಯಲ್ಲಿದ್ದುದನ್ನೆಲ್ಲ ಸಾಲಾಗಿ ಕಟಾಂಜನದ ಮೇಲೆ ಇಡತೊಡಗಿದಳು. ಈ ಊರಿನ ಹೆಂಗಸರಿಗೆ ಪರರ ಮನೆಯ ಪಾತ್ರೆಯ ಲೆಕ್ಕ ಯಾಕೆ ಬೇಕೋ ಎಂದು ಗೊಣಗಿಕೊಂಡಳು. ಅಂಗಳದಲ್ಲಿ ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು. ಗೆಳೆಯ ಪುಸ್ತಕ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಕ್ಕೆ.

ನಗುತ್ತ ನಗುತ್ತ ಅವನು ತಟ್ಟನೆ ನಗು ನಿಲ್ಲಿಸಿದ. ನನ್ನ ಮುಖ ನೋಡಿದ. ನನ್ನ ನಗೆಯೂ ಆಗಲೇ ನಿಂತಿತ್ತು. ಏಣಿ, ಖಾಲಿ ಅರೆ, ಎದೆಗವುಚಿದ ಪುಸ್ತಕ, ಕೆಳಗಿನಿಂದ ಬಂದ ಆ ಎರಡು ಶಬ್ದ, ನನ್ನ ಬಾಯಿಂದ ಹೊರಟ ‘ಹೋ, ಹೋ’, ಎಲ್ಲ ಒಮ್ಮೆಲೇ ಬಂದು ಎದುರಿಗೆ ನಿಂತವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಪ್ಲಾಸ್ಟರನ್ನು ಮುಟ್ಟಿ ನೋಡಿಕೊಂಡೆ. ನನಗೆ ತಿಳಿಯಿತೆಂದು ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ನನಗೂ ತಿಳಿಯಿತು. ಆಗ ನಾನು ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಅವನು ಒಂದು ಕ್ಷಣ ಕಾದ. ಆಮೇಲೆ ಪುಸ್ತಕ ಎತ್ತಿಕೊಂಡು, ಪುಟ ಹುಡುಕಿ, ಬಿಟ್ಟ ಸಾಲಿನಿಂದ ಓದು ಮುಂದುವರಿಸಿದ.

ಅಷ್ಟು ಹೊತ್ತಿಗೆ ಯಜಮಾನಿ ಮೇಲೆ ಬಂದು ಕೈಹಿಡಿದು ಅವ್ವನನ್ನು ನಳದ ಹತ್ತಿರ ಕರೆದೊಯ್ದಿದ್ದಳು. ಅಂಗಳದಿಂದ ಅವ್ವನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ನಿಮ್ಮ ಮಾತು ನನಗ ತಿಳೀಲಿಲ್ರಿ ಬಾಯಿ. ತಿಳೀಲಿಲ್ಲ ಅಂದ್ರ ಮುಗೀತಲ್ಲ, ಅದರಾಗ ನಾಚಿಕಿ ಏನದ?”

ಅಕ್ಷರ ಬಾರದ ಹೆಂಗಸು ಒಂದು ಉಸಿರಿನಲ್ಲಿ ಆಡಿದ ಮಾತು. ಬಿ.ಎ. ಪಾಸಾದವನಿಗೆ ಅದು ಬಾಯಿಗೆ ಬರಲಿಲ್ಲ. ನನ್ನ ಹೆದರಿಕೆ ಏನೆಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ‘ಖಾಲೀ ಯೇ’ ತಿಳಿಯಲಿಲ್ಲ ಎಂದು ಒಪ್ಪಿಕೊಂಡರೆ, ಮರಾಠಿ ಬರುತ್ತದೆ ಅಂದದ್ದು ಸುಳ್ಳೆಂದು ಒಪ್ಪಿಕೊಂಡಂತೆ. ಪುಣೆಯ ಯಾವ ಕೂಸಿಗೂ ತಿಳಿಯುವ ಮಾತದು. ನನ್ನ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ಅವನ ಕೆಲಸಕ್ಕೆ ಏನಾಗಬಹುದೆಂದು ನಾನು ಯೋಚಿಸಲಿಲ್ಲ ಎಂದಲ್ಲ. ಯೋಚಿಸಿದೆ. ಹೆಚ್ಚೆಂದರೆ ಬೈದು ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ನೆಟ್ಟಗಾಗಲಿ, ಶಾಲೆಗೆ ಹೋದ ಮೊದಲ ದಿನವೇ ಹೇಳುತ್ತೇನೆ ಎಂದು ದಿನ ಗೊತ್ತುಮಾಡಿಕೊಂಡೆ. ಮುಂದಕ್ಕೆ ಹಾಕಿದ ಸತ್ಯದಷ್ಟು ನೆಮ್ಮದಿಯ ದಿಂಬು ಇನ್ನೊಂದಿಲ್ಲ.

ಮರುದಿನವೂ ಅವನು ಬಂದ, ಅದೇ ಹೊತ್ತಿಗೆ, ಅದೇ ಗೋಡೆಗೆ ಒರಗಿದ. ಏನೂ ಬದಲಾಗಲಿಲ್ಲ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಬೇಸರ ಕಳೆಯಲು, ಅವನು ಬಿಟ್ಟುಹೋಗಿದ್ದ ಪ್ರವಾಸಕಥನವನ್ನು ನಾನೇ ತೆರೆದು ಹಿಂದಿನ ದಿನ ಕೇಳಿದ ಭಾಗವನ್ನು ಅಕ್ಷರ ಕೂಡಿಸಿ ಓದಿದೆ. ನಾವಿಕ ದಣಿದು ‘ಖಾಲೀ ಬಸಲಾ’ ಎಂದಿತ್ತು, ಕೆಳಗೆ ಕೂತ ಎಂದು. ಗೆಳೆಯ ಓದಿದ್ದು ಬರೇ ‘ಬಸಲಾ’, ಕೂತ. ಮುಂದಿನ ಪುಟದಲ್ಲಿ ಹಡಗಿನ ಕಟ್ಟೆಯಿಂದ ‘ಖಾಲೀ’ ನೋಡಿದ ಎಂದಿತ್ತು. ಅವನು ನೀರಿನ ಕಡೆ ನೋಡಿದ ಎಂದು ಓದಿದ್ದ. ನಾಲ್ಕು ಪುಟದಲ್ಲಿ ಆ ಮಾತು ಆರು ಕಡೆ ಇತ್ತು. ಒಂದು ಕಡೆಯೂ ಅವನು ಅದನ್ನು ನನ್ನ ಕಿವಿಗೆ ಹಾಕಿರಲಿಲ್ಲ. ಓದಿನ ಓಟ ಒಂದಿಷ್ಟೂ ಮುಗ್ಗರಿಸದ ಹಾಗೆ, ದಾರಿಯ ಮುಳ್ಳನ್ನು ಹೆಜ್ಜೆಯಲ್ಲೇ ಬದಿಗೆ ಸರಿಸಿದ ಹಾಗೆ, ದಾಟಿಹೋಗಿದ್ದ. ಪುಸ್ತಕ ಮುಚ್ಚಿ ಗೋಡೆಯ ಕಡೆ ಹೊರಳೋಣವೆಂದರೆ ಕಾಲು ಹೊರಳಗೊಡಲಿಲ್ಲ.

ದಸರೆಯ ಹೊತ್ತಿಗೆ ಪ್ಲಾಸ್ಟರು ಒಡೆದರು. ಒಳಗಿನಿಂದ ಹೊರಬಂದ ಕಾಲು ನನ್ನದಲ್ಲವೆಂಬಷ್ಟು ತೆಳ್ಳಗೆ, ಬಿಳಿಚಿಕೊಂಡಿತ್ತು. ಅವ್ವ ದಿನಾ ಎಳ್ಳೆಣ್ಣೆ ಹಚ್ಚಿ ತಿಕ್ಕಿದಳು. ಸಂಜೆ ಗೆಳೆಯ ನನ್ನ ಕಂಕುಳಲ್ಲಿ ಕೈ ಹಾಕಿ ಕಟಾಂಜನದ ಈ ತುದಿಯಿಂದ ಆ ತುದಿಗೆ ನಡೆಸಿದ. ಒಂದು, ಎರಡು, ಮೂರು ಎಂದು ಮರಾಠಿಯಲ್ಲಿ ಅವನು ಎಣಿಸುವುದು, ಕನ್ನಡದಲ್ಲಿ ಅವ್ವ ಎಣಿಸುವುದು. ನಾನು ಇಬ್ಬರ ನಡುವೆ ಕೋಲೂರಿಕೊಂಡು ಬಾಯಿಮುಚ್ಚಿ ನಡೆದೆ. ಹತ್ತು ದಿನದಲ್ಲಿ ಮೆಟ್ಟಿಲಿಳಿಯುವಂತಾದೆ.

ಶಾಲೆಗೆ ಹೋದ ಮೊದಲ ದಿನ, ಗೊತ್ತುಮಾಡಿಕೊಂಡ ಹಾಗೆ, ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಎದ್ದು ಬಂದು ಕುರ್ಚಿ ಸರಿಸಿ ಕೂರಿಸಿದರು. ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಆ ವಿಷಯ ಅವರೇ ತೆಗೆದರು. ನಿಮ್ಮ ಗೆಳೆಯನ ಬಗ್ಗೆ ಬಹಳ ಬೇಸರವಾಗಿದೆ ಅಂದರು. ಬಿದ್ದ ದಿನ ವಿಚಾರಿಸಿದಾಗ, ಕೆಳಗೆ ಬಾ ಎಂದು ಹೇಳಿಯೇ ಹೋದೆ ಎಂದು ಅವನು ಆಣೆ ಮಾಡಿ ಹೇಳಿದ್ದನಂತೆ. ಇಬ್ಬರಲ್ಲಿ ಯಾರ ಮಾತು ನಿಜವೆಂದು ತಿಳಿಯದೆ ಇವರು ಸುಮ್ಮನಿದ್ದರಂತೆ. ಆದರೆ ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಅವನು ತಾನಾಗಿಯೇ ಬಂದು, ತಾನು ಹೇಳಿರಲಿಕ್ಕಿಲ್ಲ, ಹೇಳಿದೆನೆಂಬುದು ತನ್ನ ಭ್ರಮೆ ಇರಬೇಕು, ಎಂದನಂತೆ. ಒಂದೇ ಬಾಯಲ್ಲಿ ಎರಡು ಮಾತು ಆಡುವವನ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದು ಕೇಳಿದರು.

ಭಾದ್ರಪದದ ಯಾವ ಬೆಳಿಗ್ಗೆ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಕೊಡದ ಸಂಜೆಯ ಮರುದಿನ.

ಆಮೇಲೆ ಅವರು ಕನ್ನಡಕ ತೆಗೆದು, ಅದೇ ಹಳೆಯ ಚಾಳಿಯಂತೆ ಒರೆಸುತ್ತ, ಸಮಿತಿಯ ಮುಂದೆ ಇಡಲು ಖಚಿತವಾಗಿ ಬೇಕು ಎಂದು ಮರಾಠಿಯಲ್ಲಿ ಕೇಳಿದರು. ಅವನು ಹೇಳಿದ್ದರೆ ನಿಮಗೆ ಖಂಡಿತ ತಿಳಿಯುತ್ತಿತ್ತು, ಅಲ್ಲವೇ?

ಬಾಗಿಲು ತೆರೆದೇ ಇತ್ತು. ಹೊರಗೆ ಪಡಸಾಲೆಯಲ್ಲಿ ಗೆಳೆಯ ಹುಡುಗರ ಸಾಲು ಸರಿಮಾಡುತ್ತಿದ್ದ ಸದ್ದು ಕೇಳುತ್ತಿತ್ತು. ನಾನು “ಹೋ” ಅಂದೆ.

ಅಷ್ಟೇ. ಆ ಸಲ ಕೈಯಲ್ಲಿ ಭಾರವಿರಲಿಲ್ಲ, ಕಾಲಲ್ಲಿ ನೋವಿರಲಿಲ್ಲ, ಪ್ರಶ್ನೆಯ ಒಂದೊಂದು ಶಬ್ದವೂ ನನಗೆ ತಿಳಿದಿತ್ತು. ನಿಮ್ಮ ಮರಾಠಿ ಮಲಗಿದ್ದಲ್ಲೇ ಎಷ್ಟು ಸುಧಾರಿಸಿದೆ ನೋಡಿ ಎಂದು ಹೆಡ್‌ಮಾಸ್ತರರು ಬೆನ್ನು ತಟ್ಟಿದರು.

ದೀಪಾವಳಿಯ ರಜೆಯ ಮೊದಲು ಅವನಿಗೆ ಕಾಗದ ಬಂತು. ರಜೆಯ ನಂತರ ಬರಬೇಕಾಗಿಲ್ಲ. ನನಗೂ ಒಂದು ಕಾಗದ ಬಂತು, ನನ್ನನ್ನು ಕಾಯಂ ಮಾಡಿದ್ದರು. ಎರಡನ್ನೂ ಸಿಪಾಯಿ ಒಂದೇ ಕೈಯಲ್ಲಿ ಹಿಡಿದು ತಂದ. ಗೆಳೆಯ ನನ್ನದನ್ನು ಓದಿ, ಸಿಹಿ ಹಂಚು ಅಂದ. ಎರಡನೇ ಮಹಾಯುದ್ಧದ ಕಾಲವಾದ್ದರಿಂದ ಅವನಿಗೆ ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತಿಕೆ ಸಿಕ್ಕಿತು. ಅಲ್ಲಿ ಬ್ಯಾರಕ್ಕಿನಲ್ಲಿ ಗಂಡಸರ ಜೊತೆ ಇರಬೇಕು, ತಾಯಿಯನ್ನು ಕರೆತರುವಂತಿಲ್ಲ. ಎರಡು ಖಣದ ಮನೆಯನ್ನು ಯಾರೋ ಬೇರೆಯವರು ಹಿಡಿದರು. ಅವರ ಒಲೆಯ ಹೊಗೆ ಆ ಬಾಗಿಲ ಸಂದಿಯಿಂದ ಬರುವುದನ್ನು ಬೀದಿಯಲ್ಲಿ ಹೋಗುವಾಗ ನೋಡಿದ್ದೇನೆ.

ಹೊರಡುವ ದಿನ ಮಧ್ಯಾಹ್ನ ಅವನು ವಾಡೆಗೆ ಬಂದ. ಅವ್ವನ ಕಾಲುಮುಟ್ಟಿ ನಮಸ್ಕರಿಸಿದ. ಓದಿ ಮುಗಿಯದಿದ್ದ ಪ್ರವಾಸಕಥನವನ್ನು ನನ್ನ ಹಾಸಿಗೆಯ ಮೇಲಿಟ್ಟು, ವಾಚನಾಲಯಕ್ಕೆ ಮರಳಿಸಿಬಿಡು ಅಂದ. ಅವ್ವ ಉಂಡಿಯ ಡಬ್ಬಿಯನ್ನೇ ಅವನ ಕೈಗೆ ಕೊಟ್ಟಳು. ಅಂದು ಅವನು ಬ್ಯಾಡ ಅನ್ನಲಿಲ್ಲ. ಮೆಟ್ಟಿಲಿಳಿದು ಅಂಗಳಕ್ಕೆ ಹೋದ. ವಾಡೆಯ ಬಾಗಿಲಲ್ಲಿ ಟಾಂಗಾ ನಿಂತಿತ್ತು, ಅದರಲ್ಲಿ ಅವನ ಟ್ರಂಕು.

ನಾನು ಕೋಲೂರಿಕೊಂಡು ಮೆಟ್ಟಿಲ ತುದಿಗೆ ಬಂದೆ. ಈಗ ಹೇಳುತ್ತೇನೆ, ಇಳಿದು ಹೋಗಿ ಟಾಂಗಾದ ಹತ್ತಿರವಾದರೂ ಹೇಳುತ್ತೇನೆ, ಬೇಕಾದರೆ ಅವನನ್ನು ಕರೆದುಕೊಂಡು ಹೆಡ್‌ಮಾಸ್ತರರ ಮನೆಗೆ ಹೋಗುತ್ತೇನೆ ಎಂದುಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಅವ್ವ ಆಗಷ್ಟೇ ತೊಳೆದ ಮೆಟ್ಟಿಲು ಒದ್ದೆಯಾಗಿತ್ತು. ಸದ್ದು ಕೇಳಿ ಅವನು ತಿರುಗಿದ. ನನ್ನ ಮುಖದಲ್ಲಿ ಏನು ಕಂಡನೋ. ಒಂದು ಕೈ ಎತ್ತಿ, ಮೆಲ್ಲಗೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದ:

“ಕೆಳಗ ಬ್ಯಾಡ.”

ಕನ್ನಡದಲ್ಲಿ. ನನಗೆ ತಪ್ಪಿ ಕೇಳಿಸಲು ಸಾಧ್ಯವೇ ಇಲ್ಲದ ಮಾತಿನಲ್ಲಿ. ನಾನು ಅಲ್ಲೇ ನಿಂತೆ. ಅವನು ಟಾಂಗಾ ಏರಿದ.

ಹಿಂದೆ ನಿಂತಿದ್ದ ಅವ್ವನಿಗೆ ಸಂತೋಷವಾಗಿತ್ತು. ಹುಡುಗ ಮರೆತಿಲ್ಲ ನೋಡು ಅಂದಳು. ಯಾವಾಗ ಕಲಿಸಿದೆ ಎಂದು ಕೇಳಿದೆ.

“ಆ ಕೊಡದ ಫಜೀತಿ ಆತಲ್ಲ, ಆವತ್ತ. ಹೋಗುಮುಂದ ಬೆರಳ ನೆಲಕ್ಕ ತೋರಿಸಿ, ಇದಕ್ಕ ನಿಮ್ಮ ಮಾತಿನ್ಯಾಗ ಏನಂತಾರ ಅಂತ ಕೇಳಿದಾ. ಕೆಳಗ ಅಂದೆ. ಮೆಟ್ಟಲ ಇಳೀತನಕ ಅದನ್ನ ಅಂದುಕೋತ ಹೋದಾ.”

ದೇಹೂ ರೋಡು ಪುಣೆಯಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ನಾನು ಹೋಗಲಿಲ್ಲ. ಒಂದು ಪತ್ರ ಬರೆದೆ, ಹರಿದೆ. ಯುದ್ಧ ಮುಗಿದ ಮೇಲೆ ಅವನನ್ನು ಎಲ್ಲಿಗೋ ಬೇರೆ ಡಿಪೋಕ್ಕೆ ವರ್ಗ ಮಾಡಿದರೆಂದು ಕೇಳಿದೆ. ಅದೇ ಶಾಲೆಯಲ್ಲಿ ನಾನು ತಲೆ ನರೆಯುವವರೆಗೆ ಕಲಿಸಿದೆ. ನನ್ನ ಮರಾಠಿ ಚೆನ್ನಾಗಿದೆ ಎನ್ನುತ್ತಾರೆ. ಬಲಗಾಲು ಮಳೆಗಾಲದಲ್ಲಿ ನೋಯುತ್ತದೆ, ನೋಯಲಿ. ಅವನು ಮೊದಲ ಸಲ ಕೆಳಗೆ ಬಾ ಅಂದಾಗ ನನಗೆ ತಿಳಿಯಲಿಲ್ಲ. ಕೆಳಗೆ ಬೇಡ ಅಂದದ್ದು ತಿಳಿಯಿತು, ಆ ಮಾತನ್ನು ನಡೆಸಿಕೊಟ್ಟೆ.